ಎಣ್ಣೆ ಕುಡಿಯುವ ಕಾರು

ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಹೊರಗೆಳೆದ ಅತ್ತಿಗೆಯ ಮುಖ ಬಿಗಿಯಿತು. ಕಡ್ಡಿಯ ತುದಿಗಷ್ಟೇ ಒಂಚೂರು ಕಪ್ಪು ಜಿಡ್ಡು. ಹೋದ ತಿಂಗಳು ತಾನೇ ಎದುರಿಗೆ ನಿಂತು ತುಂಬಿಸಿದ ಎಣ್ಣೆ.

"ನನ್ನ ಕಾರನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀಯ?"

ಮಹಡಿಯ ಮೆಟ್ಟಿಲು ಇಳಿಯುತ್ತಿದ್ದ ಮೈದುನ ಅಲ್ಲೇ ನಿಂತ. "ಎಲ್ಲಿಗೂ ಇಲ್ಲ ಅತ್ತಿಗೆ. ನಿಮ್ಮ ಕಾರು ಗೇಟು ದಾಟಿಲ್ಲ."

"ಹಾಗಾದ್ರೆ ಆಯಿಲ್ ಯಾರು ಕುಡಿದ್ರು? ನಾನಾ?"

ಅವನು ಒಳಗೆ ಹೋದ. ತಪ್ಪು ಮಾಡಿದವನು ಜಾರಿಕೊಳ್ಳುವುದೇ ಹೀಗೆ ಎಂದುಕೊಂಡು ಅವಳು ಬಾನೆಟ್ ದಢಾರನೆ ಮುಚ್ಚಿದಳು.

ಕಾರು ಅವಳ ಗಂಡನದು. ಅವನು ತೀರಿಕೊಂಡ ಮೇಲೆ ಮನೆ, ಕಾರು, ಮರೆವಿನ ಕಾಯಿಲೆಯ ಅತ್ತೆ ಎಲ್ಲವೂ ಅವಳ ಪಾಲಿಗೆ ಬಂದಿದ್ದವು, ಮಹಡಿಯ ಮೇಲಿನ ಈ ಮೈದುನನೂ ಸೇರಿ. ಅಣ್ಣ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ದಿನವೂ ಬಂದು ಪಕ್ಕದಲ್ಲಿ ಕೂರದವನು. ಅದನ್ನು ಅವಳು ಮರೆತಿರಲಿಲ್ಲ. ಅವನು ಮುದ್ರಣಾಲಯದಲ್ಲಿ ರಾತ್ರಿ ಪಾಳಿ ಮಾಡಿ ಹಗಲು ತಾಯಿಯನ್ನು ನೋಡಿಕೊಳ್ಳುತ್ತಿದ್ದ. ಅವಳು ಬಸ್ಸು ಹತ್ತಿ ತನ್ನ ಔಷಧಿ ಅಂಗಡಿಗೆ ಹೋಗುತ್ತಿದ್ದಳು. ಕಾರು ಹೊರಬೀಳುತ್ತಿದ್ದುದು ವಾರಕ್ಕೊಮ್ಮೆ, ಸಂತೆಯ ಸಾಮಾನಿಗೆ. ಉಳಿದಂತೆ ಅಂಗಳದ ತಗಡಿನ ಚಪ್ಪರದಡಿ ಮಲಗಿರುತ್ತಿತ್ತು.

ಅವಳು ಕರೆಸಿದ ಮೆಕ್ಯಾನಿಕ್ ಕಾರಿನಡಿ ತೂರಿ ನೋಡಿ, ಕೈ ಒರೆಸಿಕೊಳ್ಳುತ್ತ ಎದ್ದ. "ಲೀಕ್ ಇಲ್ಲ ಮೇಡಂ. ಒಳಗೇ ಉರೀತಿದೆ. ಕಮ್ಮಿ ಓಡೋ ಗಾಡಿ, ಪಿಸ್ಟನ್ ರಿಂಗು ಹಿಡ್ಕೊಂಡಿದೆ. ಕೂತಲ್ಲೇ ಕುಡೀತಿದೆ ನಿಮ್ಮ ಗಾಡಿ."

"ಇಷ್ಟೊಂದಾ?"

"ಇಷ್ಟು ಕುಡೀಬೇಕಾದ್ರೆ ಎಂಜಿನ್ ಚೆನ್ನಾಗೇ ಓಡಿರ್ಬೇಕು."

"ಮೀಟರ್ ಓಡಿಲ್ವಲ್ಲ!"

"ಮೀಟರಿನ ಲೆಕ್ಕ ಬೇರೆ ಮೇಡಂ, ಎಂಜಿನ್ನಿನ ಲೆಕ್ಕ ಬೇರೆ."

ಅವಳಿಗೆ ಅಷ್ಟು ಸಾಕಾಯಿತು. ಮೀಟರಿನ ವೈರು ಕಿತ್ತು ಓಡಿಸುತ್ತಿದ್ದಾನೆ. ಪೆಟ್ರೋಲು ಸುಮ್ಮಸುಮ್ಮನೆ ಇಳಿಯುತ್ತಿದ್ದುದಕ್ಕೂ ಈಗ ಅರ್ಥ ಸಿಕ್ಕಿತು.

ಅಂದು ಊಟಕ್ಕೆ ಕೂತಾಗ ಅತ್ತೆಯೇ ಸಾಕ್ಷಿ ನುಡಿದರು. "ಸೊಂಟ ಹಿಡ್ಕೊಂಡಿದೆ ಕಣೇ. ಎಷ್ಟು ದೂರದ ದಾರಿ! ಸೇತುವೆ ಹತ್ರ ಏನು ಗಾಡಿ, ಏನು ಗದ್ದಲ!"

ಅವಳು ಮೈದುನನ ಕಡೆ ನೋಡಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಕಾರಿನ ಕೀ ತನ್ನ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದಳು. ಸಂಜೆ ಬಂದರೆ ಮನೆಯ ಮುಂದೆ ಅಕ್ಕಪಕ್ಕದವರ ಗುಂಪು. ಅತ್ತೆ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಗೇಟು ಬಡಿಯುತ್ತಿದ್ದರು. "ಇದು ನನ್ನ ಮನೆ ಅಲ್ಲ! ನನ್ನನ್ನ ಬಿಡ್ರೋ!" ಮೊದಲೆಲ್ಲ ದಿನವೂ ಇದೇ ಗೋಳಿತ್ತು. ಡಾಕ್ಟರು ಮಾತ್ರೆ ಬದಲಿಸಿದ ಮೇಲೆ ನಿಂತಿತ್ತು. ಮೈದುನನ ಕೆನ್ನೆಯ ಮೇಲೆ ಉಗುರಿನ ಗೀರು.

ಕೀ ಸಿಗಲಿಲ್ಲವೆಂಬ ಸಿಟ್ಟಿಗೆ ಮುದುಕಿಯನ್ನು ಕೆಣಕಿದ್ದಾನೆ. ಅವಳ ಮೈ ಉರಿದುಹೋಯಿತು.

"ಈ ತಿಂಗಳು ಮುಗಿಯೋದ್ರೊಳಗೆ ಮಹಡಿ ಖಾಲಿ ಮಾಡು."

"ಅಮ್ಮನ್ನ ಹಗಲು ಯಾರು ನೋಡ್ಕೋತಾರೆ?"

"ಯಾರನ್ನಾದ್ರೂ ಇಟ್ಕೋತೀನಿ. ನಿನಗಿಂತ ಕಡೆ ಇರಲ್ಲ."

"ಇಟ್ಕೊಳ್ಳಿ," ಎಂದ ಅವನು ತಣ್ಣಗೆ. "ಆದ್ರೆ ಡ್ರೈವಿಂಗ್ ಬರೋರನ್ನ ನೋಡಿ ಇಟ್ಕೊಳ್ಳಿ."

ಏನು ಸೊಕ್ಕು! ಕಣ್ಣಾರೆ ಕಂಡು ಹಿಡಿಯದೆ ಇವನು ಬಗ್ಗುವವನಲ್ಲ. ಬೆಳಿಗ್ಗೆ ಕೀಯನ್ನು ಬೇಕೆಂದೇ ಗೂಟಕ್ಕೆ ನೇತುಹಾಕಿ ಹೊರಟಳು. ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿಯ ಬಾಗಿಲೆಳೆದು ವಾಪಸು ಬಂದಳು.

ಬೀದಿಯ ತಿರುವಿಗೇ ಎಂಜಿನ್ ಸದ್ದು ಕೇಳಿಸಿತು. ಸಿಕ್ಕಿಬಿದ್ದ! ಚಪ್ಪಲಿ ಕೈಗೆತ್ತಿಕೊಂಡು ಪಕ್ಕದ ಸಣ್ಣ ಗೇಟಿನಿಂದ ಒಳಗೆ ನುಸುಳಿದಳು.

ಕಾರು ಇನ್ನೂ ಚಪ್ಪರದಡಿಯೇ ಇತ್ತು. ಎಂಜಿನ್ ಗುರುಗುಡುತ್ತಿತ್ತು. ಸ್ಟೀರಿಂಗ್ ಹಿಡಿದು ಮೈದುನ, ಹಿಂದಿನ ಸೀಟಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಹೊರಡುವ ಮುಂಚೆಯೇ ಬಂದೆ ಎಂದು ಅವಳು ಹಲ್ಲು ಕಚ್ಚಿ ಕಿಟಕಿಯ ಹತ್ತಿರ ಸರಿದಳು.

"ಸೇತುವೆ ದಾಟಿದ್ವಿ ಅಮ್ಮಾವ್ರೇ," ಎನ್ನುತ್ತಿದ್ದ ಮೈದುನ. ಎದುರಿಗಿದ್ದದ್ದು ಬಟ್ಟೆ ಒಗೆಯುವ ಕಲ್ಲು, ಅದರಾಚೆ ಕಾಂಪೌಂಡ್ ಗೋಡೆ. "ಎಡಗಡೆ ಶಾಲೆ ಬಂತು ನೋಡಿ. ಮಕ್ಕಳು ರಸ್ತೆ ದಾಟ್ತಿದ್ದಾರೆ, ಸ್ವಲ್ಪ ನಿಧಾನ ಮಾಡ್ತೀನಿ."

"ಮಾಡಪ್ಪಾ ಡ್ರೈವರ್, ಏನೂ ಅವಸರ ಇಲ್ಲ. ಬೆಳಿಗ್ಗೆಯಿಂದ ಯಾರದೋ ಮನೇಲಿ ಕೂರಿಸಿಬಿಟ್ಟಿದ್ರು. ನಮ್ಮನೆಗೆ ಹೋಗ್ತಿದ್ದೀನಲ್ಲ, ಅಷ್ಟು ಸಾಕು."

ಅವಳ ಕೈಯಿಂದ ಚಪ್ಪಲಿ ಜಾರಿ ಬಿತ್ತು. ಮೈದುನ ತಿರುಗಿ ನೋಡಿದ. ಬೈಗುಳ ಬೀಳುವುದೆಂದು ಕಾದವನಂತೆ ಅವನ ಕತ್ತು ಬಾಗಿತು.

ಅತ್ತೆ ಮಾತ್ರ ಕಿಟಕಿಯಾಚೆ ಕಣ್ಣು ಕಿರಿದು ಮಾಡಿ ನೋಡಿ ಅರಳಿದರು. "ಅಗೋ ನನ್ನ ಸೊಸೆ! ಬಾಗಿಲಲ್ಲೇ ಕಾಯ್ತಿದ್ದಾಳೆ. ಮನೆ ಬಂತು, ನಿಲ್ಲಿಸಪ್ಪಾ!"

ಒಂದಿಂಚೂ ಕದಲದ ಕಾರನ್ನು ಮೈದುನ ನಿಲ್ಲಿಸಿದ.

ಸೊಸೆಯ ಕೈ ಹಿಡಿದು ಕೆಳಗಿಳಿದ ಅತ್ತೆ, ಅವಳ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದರು. "ಈ ಡ್ರೈವರಿಗೆ ಊಟ ಹಾಕಿ ಕಳಿಸು. ಪಾಪ, ದಿನಾ ಅಷ್ಟು ದೂರದಿಂದ ನನ್ನನ್ನ ಮನೆ ಮುಟ್ಟಿಸ್ತಾನೆ. ಯಾವ ತಾಯಿ ಹೆತ್ತ ಮಗನೋ!"