ಮಾವನ ರುಜು

“ಇಲ್ಲ ಸಾರ್, ನಾನು ರುಜು ಹಾಕಲ್ಲ,” ಎಂದು ಮಾವ ಪೆನ್ನನ್ನು ಗುಮಾಸ್ತನ ಕಡೆಗೇ ತಳ್ಳಿದರು.

ಇದು ಮೂರನೆಯ ಸಲ. ಸೊಸೆ ಮಗಳನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು ತಲೆ ತಗ್ಗಿಸಿದಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

“ನೋಡಿ ಯಜಮಾನ್ರೇ,” ಗುಮಾಸ್ತ ನೆರೆ ಪರಿಹಾರದ ಅರ್ಜಿಯನ್ನು ಅವರತ್ತ ತಿರುಗಿಸಿದ. “ಹೆಣ ಸಿಕ್ಕಿಲ್ಲ ಅಂದಮೇಲೆ ಹೆಂಡತಿ ಒಬ್ಬಳ ರುಜು ಸಾಲಲ್ಲ. ಹೆತ್ತವರೂ ಬರೆದುಕೊಡಬೇಕು. ಶನಿವಾರ ಕಡೇ ದಿನ, ಆಮೇಲೆ ನನ್ನ ಕೈಲಿ ಏನೂ ಇಲ್ಲ. ಮಗ ಬದುಕಿದಾನೆ ಅಂತ ಇನ್ನೂ ನಂಬಿಕೊಂಡಿದೀರಾ?”

“ಇದು ನಂಬಿಕೆ ಮಾತಲ್ಲ,” ಎಂದಷ್ಟೇ ಹೇಳಿ ಮಾವ ಎದ್ದುಬಿಟ್ಟರು.

ಹೊಳೆ ಉಕ್ಕಿದ್ದು ಒಂದು ಸೋಮವಾರ ಸಂಜೆ. ಅವಳ ಗಂಡ ಕಾರ್ಖಾನೆಯ ಪಾಳಿಗೆಂದು ಬೈಕ್ ಹತ್ತಿ ಹೋದ ಒಂದು ಗಂಟೆಯೊಳಗೆ ಸೇತುವೆ ಕೊಚ್ಚಿಹೋಯಿತು. ಎರಡು ದಿನ ಬಿಟ್ಟು ಬೈಕು ಕೆಸರಿನಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ. ಅವರಿದ್ದ ಬಾಡಿಗೆ ಮನೆ ಹೋಯಿತು. ಅವಳು ಇಸ್ತ್ರಿ ಮಾಡಿ ದುಡಿಯುತ್ತಿದ್ದ ಲಾಂಡ್ರಿಯೂ ಹೋಯಿತು. ಈಗ ಧಾನ್ಯದ ಗೋದಾಮಿನಲ್ಲಿ, ಪ್ಲಾಸ್ಟಿಕ್ ಹಾಳೆ ಕಟ್ಟಿ ಮಾಡಿಕೊಟ್ಟ ಒಂದು ಗೂಡಿನಲ್ಲಿ ಅವಳು, ನಾಲ್ಕು ವರ್ಷದ ಮಗಳು, ಮಾವ. ನೆಲದ ಥಂಡಿಗೆ ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು.

ಮಾವ ಪೇಟೆಯಲ್ಲಿ ಬೀಗ ರಿಪೇರಿ ಮಾಡುವವರು. ಎಲ್ಲರ ಬಾಯಲ್ಲೂ ಬೀಗದಜ್ಜ. ಮನೆ ಯಾರದೆಂದು ಖಾತ್ರಿಯಾಗದೆ ಎಷ್ಟೇ ಗೋಗರೆದರೂ ಎರಡನೆಯ ಕೀಲಿ ಮಾಡಿಕೊಟ್ಟವರಲ್ಲ. ಮೊದಲ ಎರಡು ವಾರ ಅವರು ಕೋಲು ಹಿಡಿದು ಹೊಳೆಯ ದಂಡೆಯುದ್ದಕ್ಕೂ ಮಗನನ್ನು ಹುಡುಕಿದರು. ಪೊದೆಯೊಂದನ್ನೂ ಬಿಡಲಿಲ್ಲ. ಮೂರನೆಯ ವಾರ ಏನಾಯಿತೋ, ಒಂದು ಮಧ್ಯಾಹ್ನ ಬೇಗ ಹಿಂದಿರುಗಿ ಗೋಡೆ ಕಡೆ ಮುಖ ಮಾಡಿ ಮಲಗಿದವರು ಮತ್ತೆ ದಂಡೆಯ ಕಡೆ ಸುಳಿಯಲಿಲ್ಲ.

ಅವಳ ಅಣ್ಣ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದವನು ಸಂಗತಿ ಕೇಳಿ ಉರಿದುಬಿದ್ದ.

“ಹುಡುಕೋದು ಬಿಟ್ಟ ಅಂದ್ರೆ ಏನರ್ಥ? ಇನ್ನು ಸಿಗಲ್ಲ ಅಂತ ಆ ಮುದುಕನಿಗೂ ಗೊತ್ತು. ಆದರೂ ರುಜು ಹಾಕಲ್ಲ. ಯಾಕೆ? ಪರಿಹಾರದ ದುಡ್ಡಲ್ಲಿ ಪಾಲಿಗೆ! ಮೊನ್ನೆ ಸೋಮವಾರ ನನ್ನ ಬಸ್ಸಲ್ಲೇ ದೊಡ್ಡ ಪೇಟೆಗೆ ಟಿಕೆಟ್ ತಗೊಂಡ. ಕೋರ್ಟು, ಲಾಯರು ಎಲ್ಲ ಇರೋದು ಅಲ್ಲೇ. ಯಾಕೆ ಹೋಗ್ತಿದೀರಿ ಅಂದ್ರೆ ತುಟಿ ಬಿಚ್ಚಲಿಲ್ಲ. ಬೀಗದಜ್ಜ ಅಲ್ವಾ, ಬಾಯಿಗೂ ಹಾಕ್ಕೊಂಡಿದಾನೆ.”

ಅವಳಿಗೆ ನಗು ಬರಲಿಲ್ಲ. ಸೋಮವಾರ ಮಾವ ಮುಸ್ಸಂಜೆಗೆ ಬಂದಿದ್ದರು. ಊಟದ ತಟ್ಟೆ ಮುಟ್ಟಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಅಂಗೈಯನ್ನೇ ನೇವರಿಸುತ್ತಿದ್ದರು. ಆಗ ಪಾಪ ಅನ್ನಿಸಿತ್ತು. ಈಗ ಆ ನೇವರಿಕೆಯ ಮೇಲೂ ಅನುಮಾನ ಬಂತು.

ಶುಕ್ರವಾರ ಸಂಜೆ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು. “ಪಾಲು ಬೇಕಿದ್ರೆ ಬಾಯಿಬಿಟ್ಟು ಕೇಳಿ ಮಾವ. ಈ ಮಗೂನ ಯಾಕೆ ಸಾಯಿಸ್ತೀರಿ?”

ಮಾವ ಕೆನ್ನೆಗೆ ಏಟು ಬಿದ್ದವರಂತೆ ನೋಡಿದರು. ಆ ಕಡೆ ಹಾಳೆಯ ಹಿಂದಿನಿಂದ ಯಾರೋ ಇಣುಕಿದರು.

“ಅವನು ಬರ್ತಾನೆ ಅಂತ ಕಾಯ್ತಿದೀಯಾ ತಾಯಿ?” ಎಂದರು ಕೊನೆಗೆ, ಬಹಳ ಮೆಲ್ಲಗೆ.

“ಮೊದಮೊದಲು ಹೇಗಾದ್ರೂ ಬರಲಿ ಅಂತಿದ್ದೆ. ಈಗ ಇವಳಿಗೊಂದು ಸೂರು ಸಿಕ್ಕರೆ ಸಾಕು. ನಿಮ್ಮ ಮಗ ಇದ್ದಿದ್ರೆ ನಮ್ಮನ್ನ ಹೀಗೆ ಬಿಡ್ತಿದ್ರಾ ಮಾವ?”

ಅವರು ಮೊಮ್ಮಗಳ ಹೊದಿಕೆ ಎಳೆದು ಸರಿಮಾಡಿ ಹೊರಗೆ ಹೋದರು.

ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಮಾವ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. “ನಡಿ, ಹೋಗೋಣ,” ಎಂದರು.

ಗುಮಾಸ್ತನಿಗೂ ಅವರ ಮುಖ ನೋಡಿ ಏನನ್ನಿಸಿತೋ, ಕುರ್ಚಿ ಎಳೆದುಕೊಟ್ಟ. “ಮನಸ್ಸು ಗಟ್ಟಿ ಮಾಡ್ಕೊಳ್ಳಿ ಯಜಮಾನ್ರೇ.”

“ಮಾಡ್ಕೊಂಡೇ ಬಂದಿದೀನಿ.”

“ಮಗನನ್ನ ಕೊನೇ ಸಲ ನೋಡಿದ್ದು ಯಾವತ್ತು?”

ಮಾವ ತಡವರಿಸಿದರು. “ಸೋಮವಾರ.”

ಗುಮಾಸ್ತ ತಲೆಯಾಡಿಸಿ, ನೆರೆ ಬಂದ ದಿನದ ತಾರೀಖನ್ನು ತಾನೇ ಬರೆದುಕೊಂಡ. ತೋರಿಸಿದ ಕಡೆಯೆಲ್ಲ ಮಾವ ರುಜು ಹಾಕಿದರು. ಪೆನ್ನು ಕೆಳಗಿಟ್ಟು, “ನನಗೆ ಅಂತ ಏನೂ ಬೇಡ. ಬರೋದೆಲ್ಲ ಸೊಸೆ ಹೆಸರಿಗೇ ಬರಲಿ. ಅದಕ್ಕೂ ಕಾಗದ ಇದ್ದರೆ ಕೊಡಿ, ಈಗಲೇ ಹಾಕ್ತೀನಿ,” ಎಂದರು.

ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅರ್ಜಿಯ ರಸೀದಿ ಕೈಗೆ ಬರುವಷ್ಟರಲ್ಲಿ ಮಾವ ಹೊರಗೆ ಹೋಗಿದ್ದರು. ಕಾಲಿಗೆ ಬಿದ್ದು ತಪ್ಪಾಯ್ತು ಅನ್ನಬೇಕೆಂದು ಅವಳು ಮಗುವನ್ನು ಎತ್ತಿಕೊಂಡು ಓಡಿದಳು. ಕಚೇರಿಯ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕಡೆ, ಅವರು ಬೆನ್ನು ಹಾಕಿ ನಿಂತಿದ್ದರು. ಕಿವಿಗೆ ಫೋನು ಒತ್ತಿಕೊಂಡಿದ್ದರು. ಅವಳು ಬಂದದ್ದು ಅವರಿಗೆ ಕಾಣಲಿಲ್ಲ.

“ಇನ್ನು ನನಗೆ ಫೋನ್ ಮಾಡಬೇಡ ಮಗನೇ, ನೀನು ಸತ್ತೆ ಅಂತ ಈಗ ತಾನೇ ಬರೆದುಕೊಟ್ಟು ಬಂದೆ; ಅಲ್ಲಿ ನಿನ್ನ ಜೊತೆಗಿರೋ ಆ ಹುಡುಗಿಯ ಹೊಟ್ಟೆಯಲ್ಲಿರೋ ಮಗುವಿಗಾದರೂ ಅಪ್ಪನಾಗಿರು.”