ತೋಟದ ಜಗಲಿ

ಶೇಷಗಿರಿಗೆ ಮಣ್ಣೆಂದರೆ ಹೇಸಿಗೆ. ಎರೆಹುಳ ಕಂಡರೆ ಕಾಲು ತೊಳೆಯುತ್ತಿದ್ದ. ಹಕ್ಕಿಯ ಹಿಕ್ಕೆ ಕಂಡರೆ ಮೂಗು ಮುಚ್ಚುತ್ತಿದ್ದ. ಅಂಥವನು ಹಿತ್ತಲ ತೋಟದ ನಡುವೆ ಕಲ್ಲು ಹಾಸಿದ ಜಗಲಿಯೊಂದನ್ನು ಕಟ್ಟಿಸಬೇಕೆಂದು ಹಠ ಹಿಡಿದಾಗ ಗೆಳೆಯ ಚಿಕ್ಕಸಿದ್ದಯ್ಯ ಬೆರಗಾದ. ಇಬ್ಬರೂ ಒಂದೇ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಪ್ರತಿ ಭಾನುವಾರ ಶೇಷಗಿರಿಯ ನಡುಮನೆಯಲ್ಲಿ ಕುಳಿತು ಕವಿತೆ ಓದುವುದು ಚಿಕ್ಕಸಿದ್ದಯ್ಯನಿಗೆ ಉಳಿದಿದ್ದ ಒಂದೇ ಸುಖ. ನಕ್ಷೆ ಬರೆಯುವುದು ಅವನ ಕಸುಬಾಗಿತ್ತು. ಸಂತೋಷದಿಂದ ಹಿತ್ತಲಲ್ಲೇ ಕಾಗದ ಹರಡಿದ.

"ನಮ್ಮಿಬ್ಬರಿಗೇ ಕಣಯ್ಯ ಇದು. ಇನ್ಮೇಲೆ ಕವಿತೆ ಎಲ್ಲ ಇಲ್ಲೇ."

"ಹಾಗಾದ್ರೆ ಮೇಲೆ ತೆರೆದೇ ಇರಲಿ ಶೇಷಾ, ಆಕಾಶ ಕಾಣಲಿ."

"ಬೇಡ, ಶೀಟು ಹೊದಿಸು."

"ಮಳೆ ಬಂದ್ರೆ ಎದ್ದು ಒಳಗೆ ಹೋದ್ರಾಯ್ತಪ್ಪ. ಬಾಗಿಲು ಇಲ್ಲೇ ಇದೆಯಲ್ಲ."

"ಹೊದಿಸು ಅಂದ್ನಲ್ಲ! ಮೂಲೇಲಿ ಒಂದು ನಲ್ಲಿ ಬರಲಿ. ಪಕ್ಕಕ್ಕೇ ಒಂದು ಕಕ್ಕಸು."

"ಥೂ! ಮಲ್ಲಿಗೆ ಬಳ್ಳಿ ಹಬ್ಬಿಸೋ ಕಡೆ ಕಕ್ಕಸೇನೋ? ಎರೆಹುಳಕ್ಕೆ ಹೇಸೋ ಮನುಷ್ಯ, ಅದರ ಪಕ್ಕ ಕೂತು ಕಾಫಿ ಕುಡೀತೀಯಾ?"

ಶೇಷಗಿರಿ ಮುಖ ತಿರುಗಿಸಿದ. ಚಿಕ್ಕಸಿದ್ದಯ್ಯ ತಲೆಯಾಡಿಸುತ್ತಲೇ ಎಲ್ಲವನ್ನೂ ನಕ್ಷೆಗೆ ಸೇರಿಸಿದ.

ಕಾಫಿ ತಂದ ಶೇಷಗಿರಿಯ ಹೆಂಡತಿ ಜಲಜಾಕ್ಷಿ ಕಾಗದದ ಮೇಲೆ ಬಗ್ಗಿ ನೋಡಿದಳು. ಬಹುಕಾಲದ ಹೊರೆಯೊಂದು ಇಳಿದಂತೆ ಅವಳ ಮುಖ ಅರಳಿತು.

"ಎಷ್ಟು ಚೆನ್ನಾಗಿ ಬರೆದಿದ್ದೀರಿ ಸಿದ್ದಣ್ಣ! ಸದ್ಯ, ಇನ್ಮೇಲೆ ನೀವು ಬಂದು ಹೋದಾಗೆಲ್ಲ ಗಂಜಲ ಹಾಕಿ ನಡುಮನೆ ತೊಳೆಯೋದು ನನಗೆ ತಪ್ಪಿತು."