ಎಡಗೈ ಪಾಳೆಗಾರ

ಇನ್ನೂರು ಹಾಳೆ ಅಚ್ಚಾದ ಮೇಲೆ ಚಿತ್ರಗಾರ ತಿಪ್ಪೇಶಿಯ ಕಣ್ಣಿಗೆ ಬಿತ್ತು: ಪಟದಲ್ಲಿ ಪಾಳೆಗಾರರ ಕತ್ತಿ ಎಡಗೈಯಲ್ಲಿತ್ತು.

“ಏನ್ರೀ ಆಚಾರ್ರೇ ಇದು? ನಾನು ಬಲಗೈಯಲ್ಲಿ ತಾನೇ ಕತ್ತಿ ಬರೆದುಕೊಟ್ಟಿದ್ದು?”

ಮರದ ಅಚ್ಚು ಕೆತ್ತುವ ಮೌನೇಶಾಚಾರಿ ಎಲೆಅಡಿಕೆ ಅಗಿಯುತ್ತಲೇ ಹೇಳಿದ, “ನೀವು ಬರೆದಂಗೇ ಕೆತ್ತಿದೀನಲ್ಲ.”

“ಅದೇ ಎಡವಟ್ಟು! ಮರದ ಮೇಲೆ ತಿರುಗಿಸಿ ಕೆತ್ತಿದ್ರೆ ತಾನೇ ಕಾಗದದ ಮೇಲೆ ನೆಟ್ಟಗೆ ಮೂಡೋದು?”

“ಮೂರು ತಲೆಮಾರಿನ ಕಸುಬು ನಮ್ದು. ನನಗೇ ಪಾಠ ಹೇಳ್ತೀರಾ? ಸತ್ತು ಮುನ್ನೂರು ವರ್ಷ ಆಗಿರೋನು ಬಂದು ಜಗಳ ಆಡ್ತಾನಾ, ಬಿಡಿ.”

ಅವನು ಬರಲಿಲ್ಲ, ಅವನ ವಂಶದ ಯಜಮಾನರು ಬಂದರು. ಪಟ ಮಾಡಿಸುತ್ತಿದ್ದವರೇ ಅವರು. ಯಜಮಾನರು ಹಾಳೆಯನ್ನು ದಿಟ್ಟಿಸಿದರು, ಮೀಸೆ ತಿರುವಿದರು, ಆಮೇಲೆ ಕಣ್ಣೊರೆಸಿಕೊಂಡರು.

“ಭಲೇ! ನಮ್ಮ ದೊಡ್ಡವರು ಎಡಚರು ಅನ್ನೋದು ಮನೆತನದ ಗುಟ್ಟು. ಹೊರಗೆ ಯಾರಿಗೂ ಹೇಳಿದ್ದಿಲ್ಲ. ನಿಮಗೆ ಹೆಂಗ್ರಯ್ಯಾ ಗೊತ್ತಾಯ್ತು?”

ಆಚಾರಿ ಯುದ್ಧ ಗೆದ್ದು ಬಂದವನಂತೆ ಎದೆ ಸೆಟೆಸಿದ. ತಿಪ್ಪೇಶಿಗೆ ಮಾತ್ರ ಸಮಾಧಾನವಾಗಲಿಲ್ಲ.

“ಎಡಚರು ಅನ್ನೋಕೆ ಆಧಾರ ಏನು, ಬುದ್ಧಿ?”

“ಆಧಾರನಾ? ನೂರು ವರ್ಷದಿಂದ ನಮ್ಮ ದೇವರ ಮನೇಲಿ ಅವರ ಪಟಕ್ಕೆ ಪೂಜೆ ಮಾಡ್ತಿದೀವಿ!”

ಹೊಸ ಪಟದ ಜೊತೆ ಹೋಲಿಸಿ ನೋಡಲೆಂದು ತಂದಿದ್ದ ಹಳೆಯ ಪಟವನ್ನು ಯಜಮಾನರು ರೇಷ್ಮೆ ಬಟ್ಟೆಯಿಂದ ಬಿಚ್ಚಿದರು. ಅದರಲ್ಲೂ ಕತ್ತಿ ಎಡಗೈಯಲ್ಲೇ ಇತ್ತು. ಕೆಳಗಿನ ಮೂಲೆಯಲ್ಲಿ ಮೌನೇಶಾಚಾರಿಯ ತಾತನ ಹೆಸರು, ಕನ್ನಡಿಯಲ್ಲಿ ಕಂಡ ಹಾಗೆ, ತಿರುಗುಮುರುಗಾಗಿ ಅಚ್ಚಾಗಿತ್ತು.